ಹಿಡಿಕೆ ಇಲ್ಲದ ಬಾಗಿಲು

ನೋಡಿದವರು ನನ್ನನ್ನು ಬಾಗಿಲೆಂದು ತಕ್ಷಣ ಒಪ್ಪುತ್ತಿರಲಿಲ್ಲ. ಹಿಡಿಕೆ ಇಲ್ಲ, ಬೀಗದ ಕಿಂಡಿ ಇಲ್ಲ, ಗಾಜು ಇಳಿಯುವುದಿಲ್ಲ. ನಾನು ಹುಟ್ಟಿದ್ದು ತುಮಕೂರಿನಾಚೆಯ ಒಂದು ಷೆಡ್ಡಿನಲ್ಲಿ, ಇನ್ನೂ ಹೆಸರಿಡದ ಎಲೆಕ್ಟ್ರಿಕ್ ಕಾರೊಂದಕ್ಕಾಗಿ. ಟಿಂಕರಿಂಗ್ ಮೇಸ್ತ್ರಿ ವೀರಾಚಾರಿ ನನ್ನನ್ನು ಹದಿನೇಳು ದಿನ ಬಡಿದರು. ಮೊದಲು ಮರದ ಕೊಡತಿ, ಆಮೇಲೆ ಸುತ್ತಿಗೆ. ಉಬ್ಬು ತಗ್ಗು ಹುಡುಕಲು ಕಣ್ಣು ಮುಚ್ಚಿ ನನ್ನ ಮೇಲೆ ಅಂಗೈ ಆಡಿಸುತ್ತಿದ್ದರು. ಆ ಒರಟು ಅಂಗೈ ನನಗೆ ಈಗಲೂ ನೆನಪಿದೆ.

ನನ್ನ ರೂಪ ಬರೆದವರು ಡಿಸೈನರ್ ಹೆಬ್ಬಾರರು. ಎಳ್ಳುಂಡೆಯಷ್ಟು ದೊಡ್ಡ ಒಂದು ಗುಂಡಿ ಒತ್ತಿದರೆ ನಾನು ನಾಲ್ಕು ಬೆರಳು ಹೊರಕ್ಕೆ ಸರಿದು, ಕೋಳಿ ರೆಕ್ಕೆ ಎತ್ತಿದ ಹಾಗೆ ಮೇಲಕ್ಕೆ ಏಳಬೇಕು, ಅದೂ ಸದ್ದಿಲ್ಲದೆ. ಆ ಕಡೆ ಇದ್ದ ನನ್ನ ಜೋಡಿ ಬಾಗಿಲಿಗೂ ಅದೇ ಕಟ್ಟಪ್ಪಣೆ. ಮೈಮೇಲೆ ಒಂದು ಸಂದು ಕೂಡ ಕಾಣಬಾರದೆಂಬುದು ಹೆಬ್ಬಾರರ ಹಟ. ನನಗೂ ಒಳಗೊಳಗೇ ಜಂಬವಿತ್ತು, ಸುಳ್ಳೇಕೆ ಹೇಳಲಿ.

ವೀರಾಚಾರಿಗೆ ಮಾತ್ರ ಒಂದು ಸಂಶಯ. ಅವರು ನನ್ನ ಹೊಟ್ಟೆಯೊಳಗೆ ಒಂದು ಉಕ್ಕಿನ ತಂತಿ ಹಾಯಿಸಿ, ಅದರ ತುದಿಗೆ ಉಂಗುರ ಕಟ್ಟಿ, ಡ್ರೈವರನ ಮೊಣಕಾಲಿನ ಬಳಿ ಹೊರಕ್ಕೆ ತಂದಿದ್ದರು. ಎಳೆದರೆ ಚಿಲಕ ಬಿಡಬೇಕು. ಹೆಬ್ಬಾರರು ಅದನ್ನು ಕಂಡವರೇ ಮುಖ ಸಿಂಡರಿಸಿದರು.

“ಸಾರ್, ಕರೆಂಟು ಹೋದ್ರೆ ಒಳಗಿರೋನು ಹೆಂಗೆ ಈಚೆಗೆ ಬರ್ತಾನೆ?” ಎಂದು ವೀರಾಚಾರಿ ಕೇಳಿದರು.

“ಅದಕ್ಕೆ ಬೇರೆ ಸಣ್ಣ ಬ್ಯಾಟರಿ ಉಂಟು ಆಚಾರ್ರೇ. ನೀವು ತಗಡು ನೋಡಿಕೊಳ್ಳಿ ಸಾಕು.”

ತಂತಿ ಕಿತ್ತುಹಾಕಲು ಅಪ್ಪಣೆಯಾಯಿತು. ವೀರಾಚಾರಿ ಹೂಂ ಅಂದರು. ಆದರೆ ಕೀಳಲಿಲ್ಲ. ಉಂಗುರವನ್ನು ಒಳಕ್ಕೆ ತಳ್ಳಿ, ಮೇಲೆ ಹೊಸ ಬಟ್ಟೆ ಅಂಟಿಸಿ, ಏನೂ ಆಗದವರಂತೆ ಕೈ ಒರೆಸಿಕೊಂಡರು. ಆ ಗುಟ್ಟು ಇಬ್ಬರಿಗೇ ಗೊತ್ತು, ಅವರಿಗೆ ಮತ್ತು ನನಗೆ. ನನಗೋ ಬಾಯಿಲ್ಲ.

ಇನ್ನು ಕಾರು ರಸ್ತೆಗಿಳಿಯುವ ಹೊತ್ತಿಗೆ ನನ್ನ ಮೈತುಂಬ ಕಪ್ಪು ಬಿಳುಪು ಸುರುಳಿಗಳ ಹಾಳೆ ಅಂಟಿಸಿದರು. ಕದ್ದು ಫೋಟೋ ತೆಗೆಯುವವರಿಗೆ ಆಕಾರ ತಿಳಿಯಬಾರದು. ಅಷ್ಟು ಸಾಲದೆಂದು ನನ್ನ ಎದೆಯ ಮೇಲೆ ಒಂದು ಸುಳ್ಳು ಹಿಡಿಕೆಯನ್ನೂ ಗೋಂದು ಹಚ್ಚಿ ಕೂರಿಸಿದರು. ಅದನ್ನು ಎಳೆದರೆ ಏನೂ ಆಗದು, ನೋಡಿದವರು ಮೋಸ ಹೋಗಬೇಕು, ಅಷ್ಟೆ. ಉಪಾಯ ಫಲಿಸಿತು. ಊರೆಲ್ಲ ನನ್ನದೇ ಮಾತು. ಗೇಟಿನೆದುರಿನ ಟೀ ಅಂಗಡಿಯಲ್ಲಿ ಒಬ್ಬರು ಇದು ಹಿಂದಕ್ಕೆ ಜಾರುತ್ತದೆ ಅಂದರೆ, ಇನ್ನೊಬ್ಬರು ಎರಡೂ ಬಾಗಿಲು ಕಪಾಟಿನ ಹಾಗೆ ಎದುರುಬದುರು ತೆರೆಯುತ್ತವೆ ಅನ್ನುತ್ತಿದ್ದರು. ಫೋನಿನಲ್ಲಿ ನನ್ನ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ, ಆ ಸುಳ್ಳು ಹಿಡಿಕೆಗೆ ಕೆಂಪು ಗೀಟು ಸುತ್ತಿ ವಾದ ಮಾಡುತ್ತಿದ್ದರು. ನಾನು ನಗುತ್ತಿದ್ದೆ. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಾರು ಓಡಿಸುವವನು ರಂಗಧಾಮ, ಶಿರಾ ಕಡೆಯವನು. ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದರಲ್ಲಿ ಕಡ್ಲೆಪುರಿ. ಉದುರಿದ ಪುರಿಯೆಲ್ಲ ನನ್ನ ಸಂದಿಗೆ. ಹಾಡು ಗುನುಗುತ್ತ ನನ್ನ ಮೇಲೆ ತಾಳ ಹಾಕುತ್ತಿದ್ದ. ಅವನಿಗೆ ಮೂರು ನಿಯಮಗಳಿದ್ದವು: ಫೋಟೋ ತೆಗೆದಾನೆಂದು ಅವನ ಫೋನು ಹಿಂದೆ ಬರುವ ವ್ಯಾನಿನಲ್ಲಿರಬೇಕು, ಅನುಮಾನ ಬಾರದಂತೆ ವ್ಯಾನು ಬಹಳ ಹಿಂದೆಯೇ ಉಳಿಯಬೇಕು, ಜನರ ಕಣ್ಣೆದುರು ಬಾಗಿಲು ತೆರೆಯಲೇಬಾರದು.

ಮೇ ತಿಂಗಳಲ್ಲಿ ಬಿಸಿಲಿನ ಪರೀಕ್ಷೆಗೆಂದು ರಾಯಚೂರಿನ ಕಡೆ ಹೊರಟೆವು. ವ್ಯಾನಿನಲ್ಲಿ ವೀರಾಚಾರಿ ಇದ್ದರು. ಕಾರಿನೊಳಗೆ ಆಡಿದ ಮಾತೆಲ್ಲ ದಾಖಲಾಗುತ್ತದೆ, ತಂತಿಯ ವಿಷಯ ಅಲ್ಲಿ ಎತ್ತಿದರೆ ಹೆಬ್ಬಾರರಿಗೆ ತಿಳಿದು ಕಿತ್ತುಹಾಕಿಸುತ್ತಾರೆಂದು ಅವರಿಗೆ ಭಯ. ಮಧ್ಯಾಹ್ನ ಊಟಕ್ಕೆ ಕೂತಾಗ ರಂಗಧಾಮನ ಕಿವಿಗೆ ಹಾಕಿದರಾಯಿತು ಅಂದುಕೊಂಡಿದ್ದರು.

ಹನ್ನೊಂದರ ಸುಮಾರಿಗೆ, ಒಂದು ಗಿಡವೂ ಇಲ್ಲದ ಎರೆಹೊಲದ ನಡುವೆ, ದೊಡ್ಡ ಬ್ಯಾಟರಿ ಕಾವಿಗೆ ತಾನೇ ಆರಿಹೋಯಿತು. ತಣ್ಣನೆಯ ಗಾಳಿ ನಿಂತಿತು. ರಂಗಧಾಮ ಕಾರಿನಲ್ಲೇ ಇದ್ದ ಫೋನಿನಿಂದ, ಷೆಡ್ಡಿನಲ್ಲೇ ಉಳಿದಿದ್ದ ಹೆಬ್ಬಾರರಿಗೆ ಸುದ್ದಿ ಮುಟ್ಟಿಸಿದ. ವ್ಯಾನಿನ ಟೈರು ಒಡೆದಿದೆ, ಬರಲು ಒಂದು ತಾಸಾದೀತು, ಅಲ್ಲಿಯವರೆಗೆ ಕಾಯಿರಿ ಅಂದರು. ಅಷ್ಟರಲ್ಲಿ ಮದುವೆ ಮುಗಿಸಿ ಬರುತ್ತಿದ್ದ ಒಂದು ಟ್ರ್ಯಾಕ್ಟರಿನ ಜನ ನಮ್ಮನ್ನು ಕಂಡು ಇಳಿದರು.

“ಜನ ಹೋಗುವವರೆಗೆ ಬಾಗಿಲು ತೆಗೆಯಬೇಡಿ,” ಅಂದರು ಹೆಬ್ಬಾರರು ಫೋನಿನಲ್ಲೇ.

ಜನ ಹೋಗಲಿಲ್ಲ. ಫೋನಿನಲ್ಲಿ ನೋಡಿದ ಕಾರು ಕಣ್ಣೆದುರಿಗೇ ಸಿಕ್ಕಿದೆ.

“ಇದು ಹ್ಯಾಂಗ ತೆರೀತದ ನೋಡಿಕ್ಯಾಸೇ ಹೋಗೂಣು,” ಅಂದಳು ಕೆಂಪು ಸೀರೆಯ ಒಬ್ಬ ಹೆಂಗಸು. ಎಲ್ಲರೂ ಟ್ರ್ಯಾಕ್ಟರಿನ ನೆರಳಲ್ಲಿ ಕೂತರು. ಅವರು ಕೂತದ್ದು ನಾನು ತೆರೆಯುವುದನ್ನು ನೋಡಲು. ರಂಗಧಾಮ ನನ್ನನ್ನು ತೆರೆಯದಿದ್ದದ್ದು ಅವರು ಕೂತಿದ್ದಾರೆಂದು. ಅವನು ಗಾಜಿನೊಳಗಿಂದ ನಕ್ಕು, ಹೋಗಿ ಎಂದು ಕೈಸನ್ನೆ ಮಾಡಿದ. ಅವರೂ ನಕ್ಕರು. ನನ್ನ ತಗಡು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಒಳಗೆ ಸಣ್ಣ ಬ್ಯಾಟರಿ ಫ್ಯಾನು ತಿರುಗಿಸುತ್ತ ಸವೆಯುತ್ತಿತ್ತು.

ಕೊನೆಗೆ ರಂಗಧಾಮ ನಿಯಮ ಮುರಿದ. ಗುಂಡಿ ಒತ್ತಿದ. ನನ್ನೊಳಗೆ ಟಿಕ್ ಎಂದು ಒಂದು ಸದ್ದಾಯಿತು, ಅಷ್ಟೆ. ಮತ್ತೆ ಒತ್ತಿದ. ಸದ್ದೂ ಇಲ್ಲ. ಆ ಕಡೆಯ ಬಾಗಿಲಿನದೂ ಅದೇ ಗತಿ. ಫೋನೂ ಸತ್ತಿತ್ತು. ಅವನು ನನ್ನನ್ನು ಭುಜದಿಂದ ಗುದ್ದಿದ, ಒದ್ದ, ಗಾಜು ಬಡಿದ. ಉಂಗುರ ಅವನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ, ಬಟ್ಟೆಯ ಹಿಂದೆ ಇತ್ತು. ಅಷ್ಟು ಹತ್ತಿರ ಇತ್ತು. ನಾನು ಹೇಳಲಾರದೆ ಹೋದೆ.

ಹೆಂಗಸಿಗೆ ಮೊದಲು ಅನುಮಾನ ಬಂತು. ಓಡಿಬಂದು ಸುಳ್ಳು ಹಿಡಿಕೆಯನ್ನು ಎರಡು ಕೈಯಿಂದ ಜಗ್ಗಿದಳು. ಅದು ಕಿತ್ತು ಕೈಗೆ ಬಂತು. ಯಾರೋ ನಕ್ಕರು. ಅವಳು ನಗಲಿಲ್ಲ, ಅದನ್ನು ಎಸೆದು ಕಲ್ಲು ಹುಡುಕಿದಳು. ಎಲ್ಲರೂ ಕಲ್ಲಿನಿಂದ ಗಾಜಿಗೆ ಹೊಡೆದರು. ಹೆಬ್ಬಾರರು ಹೆಮ್ಮೆಪಡುತ್ತಿದ್ದ ದಪ್ಪ ಗಾಜು ಬರೀ ಬಿರುಕು ಬಿಟ್ಟಿತು. ರಂಗಧಾಮ ಬಡಿಯುವುದು ನಿಧಾನವಾಯಿತು. ಅವನು ಹಾಡಿಗೆ ಹಾಕುತ್ತಿದ್ದ ತಾಳಕ್ಕಿಂತಲೂ ಮೆಲ್ಲಗಾಯಿತು. ಆಮೇಲೆ ನಿಂತಿತು.

ವ್ಯಾನು ಬಂತು, ವೀರಾಚಾರಿ ಇಳಿದು ಓಡಿಬಂದರು. ನನ್ನನ್ನು ಮಾಡಿದ ಸುತ್ತಿಗೆಯಿಂದಲೇ ಗಾಜಿನ ಒಂದೇ ಮೂಲೆಗೆ ಹೊಡೆದು ಹೊಡೆದು ತೂತು ಮಾಡಿ, ತೋಳು ತೂರಿಸಿ, ಬಟ್ಟೆ ಹರಿದು ಉಂಗುರ ಎಳೆದರು. ಮೊದಲ ಎಳೆತಕ್ಕೇ ಚಿಲಕ ಬಿಟ್ಟಿತು. ನಾನು ನಾಲ್ಕು ಬೆರಳು ಹೊರಕ್ಕೆ ಸರಿದೆ. ಅವರು ಹೆಗಲು ಕೊಟ್ಟು ಎತ್ತಿದಾಗ ಸದ್ದಿಲ್ಲದೆ ಮೇಲೆದ್ದೆ. ಟ್ರ್ಯಾಕ್ಟರಿನ ಜನ ನಾನು ತೆರೆಯುವುದನ್ನು ನೋಡಿದರು. ಯಾರೂ ಫೋಟೋ ತೆಗೆಯಲಿಲ್ಲ. ರಂಗಧಾಮನಲ್ಲಿ ಉಸಿರಿರಲಿಲ್ಲ.

ಈಗ ನಾನು ಷೆಡ್ಡಿನ ಹಿಂದುಗಡೆ ಗೋಡೆಗೆ ಒರಗಿಕೊಂಡಿದ್ದೇನೆ. ತಂತಿ ಹೊರಗೆ ಜೋತುಬಿದ್ದಿದೆ, ಸಂದಿಯಲ್ಲಿ ಇನ್ನೂ ಒಂದಿಷ್ಟು ಕಡ್ಲೆಪುರಿ ಇದೆ. ರಂಗಧಾಮನ ಸಾವಿಗೆ ಕಾರಣ ಬಿಸಿಲಿನ ಹೊಡೆತ ಎಂದು ಬರೆದುಕೊಂಡರಂತೆ. ವೀರಾಚಾರಿ ಕೆಲಸ ಬಿಟ್ಟರು. ಬಿಡುವ ದಿನ ಬಂದು ಕಣ್ಣು ಮುಚ್ಚಿ ನನ್ನ ಮೇಲೆ ಅಂಗೈ ಇಟ್ಟರು. “ಒಂದ್ ಮಾತು ಹೇಳಿದ್ರೆ ಬದುಕ್ತಿದ್ದ. ಹೆದರ್ಕೊಂಡು ಸುಮ್ನಿದ್ದೆ,” ಅಂದರು. ಅವರನ್ನು ಸಮಾಧಾನ ಮಾಡಲು ನನ್ನಿಂದಾಗಲಿಲ್ಲ.

ಗೋಡೆಯ ಆಚೆ ಹೊಸ ಬಾಗಿಲು ತಯಾರಾಯಿತು. ತಗಡಿನೊಳಗೆ ತಂತಿ ಹಾಯಿಸುವಾಗ ಸರ್ರನೆ ಒಂದು ಸದ್ದು ಬರುತ್ತದೆ, ನನಗದು ಚೆನ್ನಾಗಿ ಗೊತ್ತು. ಹದಿನೇಳು ದಿನವೂ ಅದಕ್ಕಾಗಿ ಕಿವಿಗೊಟ್ಟೆ. ಬರಲಿಲ್ಲ.

ಇವತ್ತು ಬೆಳಗ್ಗೆ ಕಾರು ಹೊರಗೆ ಬಂತು. ರಾಯಚೂರಿನ ಎರೆಮಣ್ಣು ತೊಳೆದ ಅದೇ ಸುಳ್ಳು ಹಿಡಿಕೆ ಹೊಸ ಬಾಗಿಲಿನ ಎದೆಯ ಮೇಲೆ ಕೂತಿದೆ. ಹೊಸ ಡ್ರೈವರು ತಮಾಷೆಗೆ ಅದನ್ನು ಒಮ್ಮೆ ಎಳೆದು ನೋಡಿ ನಕ್ಕ. ಆಮೇಲೆ ತನ್ನ ಫೋನನ್ನು ವ್ಯಾನಿನವರಿಗೆ ಕೊಟ್ಟು ಒಳಗೆ ಕೂತ. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.