ಕೊನೆಯ ಒಂಬತ್ತು ಸಾಲು

ಪ್ರಕಾಶನದ ಕಚೇರಿಯಲ್ಲಿ ಅವಳಿಗೆ ಕತ್ತರಿಯಮ್ಮ ಎಂದು ಹೆಸರು. ಇಟ್ಟವರು ಅವಳ ಬೆನ್ನ ಹಿಂದೆ ನಗುತ್ತಿದ್ದರು, ಅವಳು ಮಾತ್ರ ಆ ಹೆಸರಿಗೆ ಹೆಮ್ಮೆಪಡುತ್ತಿದ್ದಳು. ಹೊರಡಲು ಎದ್ದ ನೆಂಟರು ಬಾಗಿಲಲ್ಲಿ ನಿಂತು ಅರ್ಧ ಗಂಟೆ ಹರಟುವ ಹಾಗೆ, ಕಥೆ ಮುಗಿದ ಮೇಲೂ ಕಥೆಗಾರ ಒಂದು ಹಾಳೆ ಮಾತಾಡುತ್ತಾನೆ ಎಂಬುದು ಅವಳ ಸಿದ್ಧಾಂತ. ಆದ್ದರಿಂದ ಕಥೆಗಳನ್ನು ಆರಿಸುವಾಗ ಕೊನೆಯ ಹಾಳೆಯನ್ನು ಅವಳು ಓದುತ್ತಲೇ ಇರಲಿಲ್ಲ. ಅದನ್ನು ಮಗುಚಿಟ್ಟು, ಅದಿಲ್ಲದೆಯೂ ಕಥೆ ನಿಲ್ಲುತ್ತದೆಯೇ ಎಂದು ನೋಡುವುದು ಅವಳ ಪರೀಕ್ಷೆ. ಇಪ್ಪತ್ತು ವರ್ಷದಲ್ಲಿ ಆ ಪರೀಕ್ಷೆ ಒಂದು ಸಲವೂ ಕೈಕೊಟ್ಟಿರಲಿಲ್ಲ. ಅಷ್ಟು ವರ್ಷ ಕೈಕೊಡದ ಪದ್ಧತಿಯನ್ನು ಯಾರು ತಾನೇ ಅನುಮಾನಿಸುತ್ತಾರೆ?

ಆ ವರ್ಷ ಅವಳು ಕೈಹಾಕಿದ್ದು ಬೆರಕೆ ಕಥೆಗಳ ಸಂಕಲನಕ್ಕೆ. ದೆವ್ವದ ಕಥೆಯೊಳಗೆ ಪೊಲೀಸರು ಬರಬೇಕು, ಪ್ರೇಮಕಥೆ ಬೇರೆ ಗ್ರಹದಲ್ಲಿ ನಡೆಯಬೇಕು; ಒಟ್ಟಿನಲ್ಲಿ ಯಾವ ಕಥೆಯೂ ಒಂದೇ ಜಾತಿಯದಾಗಿರಬಾರದು. ಕಥೆ ಕಳಿಸಿ ಎಂದು ಅವಳ ಹೆಸರಿನಲ್ಲಿ ಪ್ರಕಟಣೆ ಹೊರಟದ್ದೇ ತಡ, ನೂರನಲವತ್ತು ಕಥೆ ಬಂದು ಬಿದ್ದವು. ಪಕ್ಷಪಾತ ಆಗಬಾರದೆಂದು ಕಚೇರಿಯ ಹಳೆಯ ಗುಮಾಸ್ತರು ಬರೆದವರ ಹೆಸರು, ವಿಳಾಸಗಳನ್ನು ತಮ್ಮ ರಿಜಿಸ್ಟರಿನಲ್ಲಿ ಇಟ್ಟುಕೊಂಡು, ಕಥೆಗೆ ಬರೀ ಸಂಖ್ಯೆ ಹಾಕಿ ಅವಳ ಮೇಜಿಗೆ ಕಳಿಸುತ್ತಿದ್ದರು.

ಈ ಬೆರಕೆಯ ಹುಚ್ಚು ಅವಳಿಗೆ ಹತ್ತಿದ್ದು ಪುಸ್ತಕಗಳಿಂದಲ್ಲ, ಅಕ್ಕನಿಂದ. ಚಿಕ್ಕವರಿದ್ದಾಗ ಇಬ್ಬರೂ ಮಹಡಿಯ ಮೆಟ್ಟಿಲ ಮೇಲೆ ಕೂತು ಸರದಿಯಂತೆ ಕಥೆ ಕಟ್ಟುತ್ತಿದ್ದರು. ಅಕ್ಕ ದೆವ್ವ ತಂದರೆ ತಂಗಿ ಇನ್ಸ್‌ಪೆಕ್ಟರನ್ನು ತರುತ್ತಿದ್ದಳು. ಅಕ್ಕ ಅದೇ ಇನ್ಸ್‌ಪೆಕ್ಟರನ್ನು ಹೊತ್ತುಕೊಂಡು ಹೋಗಿ ಚಂದ್ರನ ಮೇಲೆ ಇಳಿಸುತ್ತಿದ್ದಳು. ಕಥೆಯನ್ನು ಕಗ್ಗಂಟಿಗೆ ತಂದು ನಿಲ್ಲಿಸಿ “ಮುಂದಿನದು ನೀನು ಹೇಳು” ಅನ್ನಬೇಕು, ಅದು ಆಟದ ನಿಯಮ. ಹೇಳಲಾರದವಳು ಪಾತ್ರೆ ತೊಳೆಯಬೇಕು. ಹೆಚ್ಚು ಪಾತ್ರೆ ತೊಳೆದವಳು ತಂಗಿಯೇ.

ಮುಂದೆ ತಂಗಿ ಆ ಕಥೆಗಳನ್ನೇ ಬರೆದು ಪುಸ್ತಕ ಮಾಡಿದಳು. ಮುಖಪುಟದ ಮೇಲೆ ಒಂದೇ ಹೆಸರು, ತನ್ನದು. ಅಷ್ಟು ಹೊತ್ತಿಗೆ ಕನ್ನಡಕದ ಅಂಗಡಿ ಇಟ್ಟು ಲೆನ್ಸ್ ಉಜ್ಜುವ ಕೆಲಸದಲ್ಲಿ ಪಳಗಿದ್ದ ಅಕ್ಕ, ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನನ್ನ ಪಾಲು ಎಲ್ಲೇ?” ಎಂದು ಕೇಳಿದಳು. ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತಂಗಿ ಅಂದದ್ದೇ ಬೇರೆ.

“ನೀನು ಬಾಯಲ್ಲಿ ಹೇಳಿದ್ದಷ್ಟೇ ಅಕ್ಕ. ಹೇಳೋದನ್ನ ಯಾರು ಬೇಕಾದ್ರೂ ಹೇಳ್ತಾರೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹನ್ನೊಂದು ವರ್ಷ ಇಬ್ಬರೂ ಒಂದೇ ಊರಿನಲ್ಲಿ, ಎರಡು ಬಸ್ಸು ಬದಲಾಯಿಸಿದರೆ ಮುಟ್ಟುವಷ್ಟು ದೂರದಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ಇದ್ದರು.

ಸಂಕಲನಕ್ಕೆ ಬಂದ ತೊಂಬತ್ತೇಳನೆಯ ಕಥೆಯ ಟೈಪು ಮಾಡಿದ ಅಕ್ಷರ ವಿಪರೀತ ದಪ್ಪ, ಹಾಳೆಗೆ ಹತ್ತು ಹನ್ನೆರಡೇ ಸಾಲು. ಕಾಗದಕ್ಕೆ ಬಂದ ಗತಿ ನೋಡಿ ಎಂದು ಮೂಗು ಮುರಿಯುತ್ತ ಶುರು ಮಾಡಿದವಳು ಚಹಾ ಆರಿದ್ದನ್ನೂ ಗಮನಿಸಲಿಲ್ಲ. ಸತ್ತುಹೋದ ಹೆಂಗಸೊಬ್ಬಳು ಠಾಣೆಗೆ ಬಂದು, ನನ್ನ ಮನೆ ಕಾಣೆಯಾಗಿದೆ ಎಂದು ದೂರು ಕೊಡುತ್ತಾಳೆ. ಇನ್ಸ್‌ಪೆಕ್ಟರು ವಿಳಾಸ ಕೇಳಿದರೆ ಬೀದಿಯ ಹೆಸರು ಬಿಟ್ಟು ಇಸವಿ ಹೇಳುತ್ತಾಳೆ. ವರ್ಷಗಳನ್ನು ದಾಟಿಸುವ ದೋಣಿಯೊಂದನ್ನು ಹತ್ತಿ ಇಬ್ಬರೂ ಹುಡುಕಿಕೊಂಡು ಹೋಗುತ್ತಾರೆ. ಕೊನೆಗೊಮ್ಮೆ ಆ ಮನೆ ಸಿಗುತ್ತದೆ. ಹೆಂಗಸು ಬಾಗಿಲು ತಟ್ಟಲು ಕೈ ಎತ್ತುತ್ತಾಳೆ.

ಅಲ್ಲಿಗೆ ಕೊನೆಯದರ ಹಿಂದಿನ ಹಾಳೆ ಮುಗಿದಿತ್ತು. ಇದನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಒಳ್ಳೆಯ ಕಥೆಗಳೆಲ್ಲ ಹಾಗೇ ಅನ್ನಿಸುತ್ತವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಉಳಿದ ಒಂದು ಹಾಳೆಯನ್ನು ಪದ್ಧತಿಯಂತೆ ಮಗುಚಿಟ್ಟಳು. ಸಂಕಲನದ ಕೊನೆಗೆ ಇದೇ ಇರಲಿ ಎಂದು ಅಂಚಿನಲ್ಲಿ ಬರೆದಳು. ಅದಕ್ಕಿಂತ ದೊಡ್ಡ ಮರ್ಯಾದೆ ಅವಳ ಕೈಯಲ್ಲಿ ಇರಲಿಲ್ಲ.

ಪುಟ ಕಟ್ಟಿ ನೋಡಿದರೆ ಪುಸ್ತಕ ನೂರತೊಂಬತ್ತಮೂರು ಪುಟ ಆಗಿತ್ತು. ಅಚ್ಚಿನವರದು ಫಾರಂ ಲೆಕ್ಕ. ಹದಿನಾರು ಪುಟಕ್ಕೆ ಒಂದು ಫಾರಂ, ಹನ್ನೆರಡು ಫಾರಂಗೆ ನೂರತೊಂಬತ್ತೆರಡು. ಒಂದೇ ಒಂದು ಪುಟ ಹೆಚ್ಚಾದರೂ ಇನ್ನೊಂದು ಫಾರಂ ಹಾಕಬೇಕು, ಹದಿನೈದು ಪುಟ ಖಾಲಿ ಬಿಡಬೇಕು. ಆ ಹೆಚ್ಚಿನ ಪುಟಕ್ಕೆ ಜಾರಿದ್ದು ಅವಳು ಮಗುಚಿಟ್ಟಿದ್ದ ಹಾಳೆಯೇ, ಒಟ್ಟು ಒಂಬತ್ತು ಸಾಲು. ಒಂದು ಸಲ ಓದಿ ನೋಡಿ ಎಂದು ಗುಮಾಸ್ತರು ಅಂದರು. ಓದಿದರೆ ತೆಗೆಯಲು ಮನಸ್ಸು ಬರುವುದಿಲ್ಲ ಎಂದು ಅವಳು ಅಡ್ಡಗೆರೆ ಎಳೆದಳು. ಬರೆದವರು ಕೇಳಿಕೊಂಡಿದ್ದಂತೆ ಕಥೆಯ ಕೆಳಗೆ ‘ಅನಾಮಿಕೆ’ ಎಂದು ಅಚ್ಚಾಯಿತು.

ಪುಸ್ತಕ ಚೆನ್ನಾಗಿ ಹೋಯಿತು. ಎಲ್ಲರ ಬಾಯಲ್ಲೂ ಕೊನೆಯ ಕಥೆಯದೇ ಮಾತು. ಎತ್ತಿದ ಕೈಯನ್ನು ಹಾಗೇ ಬಿಟ್ಟುಬಿಟ್ಟರಲ್ಲ, ಎಂಥ ಮುಕ್ತಾಯ ಎಂದು. ಕತ್ತರಿಯಮ್ಮ ಆ ಹೊಗಳಿಕೆ ತನ್ನ ಕತ್ತರಿಗೆ ಸಂದದ್ದೆಂದು ಉಬ್ಬಿಹೋದಳು.

ಮರುವರ್ಷ ಎರಡನೇ ಮುದ್ರಣದ ಮಾತು ಬಂತು. ಹೊಸ ಮುನ್ನುಡಿ ಸೇರಿ ಹೇಗೂ ಒಂದು ಫಾರಂ ಬೆಳೆಯುತ್ತಿತ್ತು. ಹಿಂದೆ ತೆಗೆದದ್ದನ್ನು ಈಗ ಹಾಕಬಹುದಲ್ಲ ಎಂದು ಗುಮಾಸ್ತರು ಹಳೆಯ ಕಟ್ಟು ಬಿಚ್ಚಿ ಆ ಹಾಳೆಯನ್ನು ತಂದಿಟ್ಟರು. ಅವಳು ಓದಿದಳು.

‘ಅವಳು ಬಾಗಿಲು ತಟ್ಟಿದಳು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ತಂಗೀ, ನನ್ನ ಸರದಿ ಇಲ್ಲಿಗೆ ಮುಗಿಯಿತು. ಬಾಗಿಲು ತೆಗೆಯುವುದು ಒಳಗಿರುವವಳ ಕೆಲಸ. ಕಣ್ಣು ಈ ವರ್ಷದ ಕೊನೆಯವರೆಗೆ ಅಂದಿದ್ದಾರೆ ಡಾಕ್ಟರು. ಅಷ್ಟರಲ್ಲಿ ನಿನ್ನ ಪಾಲು ಬರೆದು ಕಳಿಸು. ಅದನ್ನು ನಾನೇ, ನನ್ನ ಕಣ್ಣಿಂದಲೇ ಓದಬೇಕು. ಮುಂದಿನದು ನೀನು ಹೇಳು.’

ಅವಳ ಮುಖ ನೋಡಿ ಗುಮಾಸ್ತರು ನೀರು ತಂದುಕೊಟ್ಟರು. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ, ಪುಸ್ತಕ ಕಳಿಸಿದ ವಾರವೇ ಆ ಕಥೆ ಬರೆದವರು ಫೋನ್ ಮಾಡಿದ್ದರು ಎಂದರು. “ಕೊನೇ ಹಾಳೆ ತೆಗೆದಿದ್ದು ಸಂಪಾದಕರೇನಾ ಅಂತ ಕೇಳಿದ್ರು. ಹೌದಮ್ಮ, ಅವರೇ ಕೈಯಾರೆ ತೆಗೆದಿದ್ದು ಅಂದೆ. ಸರಿ ಅಂತ ಇಟ್ಬಿಟ್ರು ಮೇಡಂ.”

ಬಸ್ಸಿನಲ್ಲಿ ಕೂತು ಅವಳು ಅತ್ತಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ವರ್ಷ ಮುಗಿದು ನಾಲ್ಕು ತಿಂಗಳಾಗಿತ್ತು.

ಕನ್ನಡಕದ ಅಂಗಡಿ ಅಲ್ಲೇ ಇತ್ತು. ಉಜ್ಜುವ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಗಾಜಿನ ಪೆಟ್ಟಿಗೆಯ ಹಿಂದೆ ಕೂತಿದ್ದ ಅಕ್ಕ ಫ್ರೇಮುಗಳನ್ನು ಒಂದೊಂದಾಗಿ ಬೆರಳಲ್ಲಿ ತಡವಿ, ಒರೆಸಿ, ಸಾಲಾಗಿ ಇಡುತ್ತಿದ್ದಳು. ಹೆಜ್ಜೆಯ ಸದ್ದಿಗೆ ತಲೆ ಎತ್ತಿದಳು.

“ಬನ್ನಿ. ಕಣ್ಣು ನೋಡೋರು ಸಂಜೆ ಬರ್ತಾರೆ. ಕೂತ್ಕೊಳ್ತೀರಾ?”

ಅಕ್ಕನ ಬಾಯಲ್ಲಿ ತನಗೆ ಬಹುವಚನ ಅದೇ ಮೊದಲು. “ಅಕ್ಕ,” ಎಂದಳು ತಂಗಿ. ಒರೆಸುತ್ತಿದ್ದ ಕೈ ನಿಂತಿತು. ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, ತಾನು ಅದನ್ನು ಓದಿಯೇ ಇರಲಿಲ್ಲ, ಓದದೆ ಕತ್ತರಿಸಿದೆ ಎಂದಷ್ಟೇ ಹೇಳಿದಳು.

ಅಕ್ಕ ಕೈಯಲ್ಲಿದ್ದ ಫ್ರೇಮನ್ನು ಸಾಲಿನಲ್ಲಿ ಇಟ್ಟಳು. “ಓದಿ ಕತ್ತರಿಸಿದೀಯ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಓದದೇ ಕತ್ತರಿಸಿದ್ದು ಅದಕ್ಕಿಂತ ಒಳ್ಳೇದೋ ಕೆಟ್ಟದ್ದೋ, ಗೊತ್ತಾಗ್ತಿಲ್ಲ.”

ಈಗಲೇ ಬರೆದುಕೊಡುತ್ತೇನೆ, ಎಷ್ಟು ದಪ್ಪ ಅಕ್ಷರ ಬೇಕೋ ಅಷ್ಟು ದಪ್ಪ ಬರೆಯುತ್ತೇನೆ ಎಂದಳು ತಂಗಿ. ಅಕ್ಕ ಬೇಡವೆಂದು ತಲೆಯಾಡಿಸಿದಳು.

“ಕಿಟಕಿ ಯಾವ ಕಡೆ ಇದೆ ಅನ್ನೋದು ಗೊತ್ತಾಗುತ್ತೆ, ಅಷ್ಟೇ. ಬರೆದ್ರೆ ನಾನು ಹೇಗೆ ಓದ್ಲಿ? ಬಾಯಲ್ಲಿ ಹೇಳು.”

ಹೇಳೋದನ್ನ ಯಾರು ಬೇಕಾದ್ರೂ ಹೇಳ್ತಾರೆ. ಅದು ಹನ್ನೆರಡು ವರ್ಷದ ಹಿಂದಿನ ತನ್ನದೇ ಮಾತು. ಇಪ್ಪತ್ತು ವರ್ಷ ಬೇರೆಯವರ ಕಥೆ ಕತ್ತರಿಸಿದವಳು ಈಗ ಒಂದು ಕಥೆ ಮುಂದುವರಿಸಬೇಕಿತ್ತು. ಗ್ರಾಹಕರ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಕೊನೆಗೂ ಶುರು ಮಾಡಿದಳು.

“ಒಳಗಿದ್ದೋಳು ಕೈ ಒರೆಸ್ಕೊಂಡು ಬಂದು ಬಾಗಿಲು ತೆಗೆದ್ಲು. ಹೊರಗೆ ಯಾರೂ ಇರ್ಲಿಲ್ಲ.”

ತನ್ನ ಬಾಯಿಂದ ಹೊರಟದ್ದು ಕೇಳಿ ಅವಳಿಗೇ ಗಾಬರಿಯಾಯಿತು. “ಅಲ್ಲ ಅಕ್ಕ, ತಾಳು, ಹಾಗಲ್ಲ. ಇದ್ಲು, ಹೊರಗೆ—”

“ತಿದ್ದಬೇಡ,” ಅಂದಳು ಅಕ್ಕ. “ಅಷ್ಟು ತಡ ಮಾಡಿ ತೆಗೆದ್ಲಲ್ಲ, ಅದೇ ಸರಿ. ಮುಂದೆ ಹೇಳು.”