ಎರಡು ಅಂಚಿನ ಗಂಟು

ಅತ್ತೆಯ ದೊಡ್ಡ ಕರುಳು ಡಾಕ್ಟರ ಪರದೆಯ ಮೇಲೆ ಉದ್ದನೆಯ ಪಟ್ಟಿಯಂತೆ ಹಾಸಿಕೊಂಡಿತ್ತು. ಸ್ಕ್ಯಾನ್‌ನಲ್ಲಿ ಸುರುಳಿಯಾಗಿ ಕಂಡ ಕೊಳವೆಯನ್ನು ಕಂಪ್ಯೂಟರಿನಲ್ಲೇ ಉದ್ದಕ್ಕೆ ಸೀಳಿ, ಬಿಡಿಸಿ, ಚಪ್ಪಟೆ ಮಾಡಿದ್ದರು. ಹೀಗೆ ಹರಡಿದರೆ ಮಡಿಕೆಗಳ ಹಿಂದೆ ಅಡಗಿದ್ದೂ ಸುಲಭವಾಗಿ ಕಾಣುತ್ತದಂತೆ.

“ಪ್ಯಾಂಟಿನ ಕಾಲು ಬಿಚ್ಚಿ ಇಸ್ತ್ರಿ ಮಾಡಿದ ಹಾಗಿದೆಯಲ್ಲಪ್ಪ,” ಎಂದರು ಅತ್ತೆ. “ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನ ಸೊಸೆ ಮುಂದೆ ಹರಡಿಬಿಟ್ರಿ.”

ನನಗೆ ನಗು ಬರಲಿಲ್ಲ. ಅವರ ಅಣ್ಣ ತೀರಿಕೊಂಡದ್ದು ಕರುಳಿನ ಕ್ಯಾನ್ಸರಿನಿಂದ. ಸ್ಕ್ಯಾನ್ ಮಾಡಿಸಬೇಕು ಎಂದಾಗಿನಿಂದ ಅತ್ತೆ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದರು; ಎಷ್ಟು ತಿಂದರು, ಎಷ್ಟು ಬಿಟ್ಟರು ಎಂದು ನಾನು ನೋಡಿಯೂ ನೋಡದವಳಂತೆ ಅಳೆಯುತ್ತಿದ್ದೆ. ಈಗಲೂ ಡಾಕ್ಟರು ಬಾಯಿ ತೆರೆಯುವ ಮೊದಲೇ ನನ್ನ ಕಣ್ಣು ಹುಡುಕಿಬಿಟ್ಟಿತ್ತು: ಪಟ್ಟಿಯ ಮೇಲಂಚಿನಲ್ಲಿ ಒಂದು ಉಬ್ಬು, ಅದರ ನೇರಕ್ಕೆ ಕೆಳಂಚಿನಲ್ಲಿ ಇನ್ನೊಂದು.

“ಎರಡಿವೆ,” ಎಂದೆ.

“ಒಂದೇ ಕಣಮ್ಮ. ಸೀಳಿದ ಗೆರೆ ಸರಿಯಾಗಿ ಅದರ ಮೇಲೇ ಹಾದಿದೆ. ಅರ್ಧ ಆ ಕಡೆ, ಅರ್ಧ ಈ ಕಡೆ.” ಡಾಕ್ಟರು ಗೆರೆಯನ್ನು ಪಕ್ಕಕ್ಕೆ ಸರಿಸಿದರು. ಎರಡು ಅರ್ಧಗಳು ಪಟ್ಟಿಯ ನಡುವೆ ಕೂಡಿ ದುಂಡಗಾದವು.

ಒಂದಾದರೂ ಇದೆಯಲ್ಲ! ಅತ್ತೆಯ ಕೈ ಹಿಡಿದುಕೊಂಡೆ. ತಮಾಷೆ ಮಾಡುತ್ತಿದ್ದವರ ಕೈ ತಣ್ಣಗಿತ್ತು.

“ಇದು ಅಂಗಾತ ಮಲಗಿಸಿ ತೆಗೆದಿದ್ದು. ಬೋರಲು ಮಲಗಿಸಿ ತೆಗೆದಿದ್ದೂ ಇದೆ, ತಾಳಿ.”

ಎರಡನೆಯ ಪಟ್ಟಿ ಮೂಡಿತು. ಅದೇ ಜಾಗ ನುಣುಪಾಗಿತ್ತು. ಉಬ್ಬು ಕರುಳಿನ ಎದುರು ಗೋಡೆಗೆ ಹೋಗಿ ಕೂತಿತ್ತು.

“ಗಡ್ಡೆಯಾಗಿದ್ರೆ ಹುಟ್ಟಿದ ಜಾಗದಲ್ಲೇ ಅಂಟಿಕೊಂಡಿರೋದು. ಇದು ಉರುಳಿದೆ, ಒಳಗೆ ಗಾಳಿನೂ ಇದೆ.” ಡಾಕ್ಟರು ನಕ್ಕರು. “ಬರೀ ಮಲ, ಅಜ್ಜಿ; ಇನ್ನೆಲ್ಲೂ ಏನೂ ಇಲ್ಲ. ಆದ್ರೆ ಹೊಟ್ಟೆ ಖಾಲಿ ಆಗೋ ಔಷಧಿ ಪೂರ್ತಿ ಕುಡಿಸಿರಲಿಲ್ವಾ?”

“ಕುಡಿಸಿದ್ದೆ! ಒಂದೊಂದು ಲೋಟಕ್ಕೂ ಎದುರಿಗೇ ನಿಂತು…” ಅಷ್ಟರಲ್ಲಿ ನೆನಪಾಯಿತು. ಕೊನೆಯ ಲೋಟದ ಹೊತ್ತಿಗೆ ಫೋನ್ ಬಂದು ನಾನು ಹೊರಗೆ ಹೋಗಿದ್ದೆ. ಈಗ ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು.

“ಅತ್ತೆ?”

“ಏನು ಅತ್ತೆ, ಅತ್ತೆ! ಒಂದೇ ಒಂದು ಲೋಟ ಸಿಂಕಿಗೆ ಸುರಿದೆ. ನೀನೂ ಕುಡಿದು ನೋಡು, ಆಮೇಲೆ ಮಾತಾಡು.”

ಬೈಯಲೆಂದು ಬಾಯಿ ತೆರೆದೆ, ಬಂದದ್ದು ನಗು. ಅದು ನಿಲ್ಲದೆ ಕಣ್ಣಲ್ಲೂ ನೀರು ಬಂತು.

“ಅಳೋದೋ ನಗೋದೋ, ಯಾವುದಾದ್ರೂ ಒಂದು ಮಾಡು ತಾಯಿ. ಬೆಳಿಗ್ಗೆಯಿಂದ ಉಪವಾಸ ಕೆಡವಿದ್ದೀಯ, ಮೊದಲು ಊಟ ಕೊಡಿಸು.”

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಾನು ಏನನ್ನೂ ಅಳೆಯಬೇಕಾಗಲಿಲ್ಲ. ಅತ್ತೆ ತಮ್ಮದನ್ನು ಮುಗಿಸಿ ನನ್ನ ತಟ್ಟೆಗೂ ಕೈ ಹಾಕಿದರು.