ಎರಡು ಮನೆಗಳ ಬೀಗಿತ್ತಿ

ಪಂಕ್ಚರ್ ಅಂಟಿಸುವ ಸೊಲ್ಯೂಷನ್ನಿನ ವಾಸನೆ. ಚಿಕ್ಕಂದಿನಲ್ಲಿ ಗಾಳಿ ಹೋದ ಸೈಕಲ್ಲನ್ನು ಅಪ್ಪ ತಳ್ಳುತ್ತಿದ್ದರೆ ಅವಳು ಹಿಂದೆ ಹಿಂದೆ ನಡೆಯುತ್ತಿದ್ದಳು. ಅಂಗಡಿಯಲ್ಲಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ಹುಡುಕುವುದು ಅವಳ ಪಾಲಿನ ಕೆಲಸ. ಅಂಗಡಿಯವನಿಗೆ ತೂತು ಮೊದಲೇ ಸಿಕ್ಕಿರುತ್ತಿತ್ತು. ಆದರೂ ಅವಳಿಗೆ ಸಿಗುವ ತನಕ ಅವನು ಸುಮ್ಮನೆ ಕಾಯುತ್ತಿದ್ದ.

ಆ ವಾಸನೆ ಈಗ ಆಸ್ಪತ್ರೆಯ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಹತ್ತಿರ ಬರುತ್ತಿತ್ತು. ಮಂಚದ ಮೇಲಿದ್ದ ಮುದುಕ ಆಯುಷ್ಯವೆಲ್ಲ ಸೈಕಲ್ ರಿಪೇರಿ ಮಾಡಿದವನು. ಬೆನ್ನು ಹುಣ್ಣಾಗದಿರಲೆಂದು ಕೊಟ್ಟಿದ್ದ ಗಾಳಿ ದಿಂಬು ಸೋರುತ್ತಿತ್ತು. ಹೊಸದು ಬರುವವರೆಗೆ ಕಾಯುವುದೇಕೆಂದು ಮುದುಕನ ತಮ್ಮ ತನ್ನ ಜೇಬಿನಿಂದ ಟ್ಯೂಬಿನ ಚೂರು ತೆಗೆದು ಅಲ್ಲೇ ತೇಪೆ ಹಾಕುತ್ತಿದ್ದ.

"ಸಿಸ್ಟರ್ ಬೈದ್ರಾ?" ಎಂದು ಅವಳು ಕೇಳಿದಳು.

"ಬೈದ್ರು. ಆಮೇಲೆ ಅವರ ಸ್ಕೂಟರಿನ ಹಿಂದಿನ ಚಕ್ರದ ಕಥೆ ಹೇಳಿದ್ರು."

ಅವಳ ಕೆಲಸಕ್ಕೆ ದೊಡ್ಡ ಹೆಸರೊಂದು ಇತ್ತು, ಕೊರಳಿನ ಪಟ್ಟಿಯಲ್ಲಿ ನೇತಾಡುತ್ತಿತ್ತು. ವಾರ್ಡಿನವರು ಮಾತ್ರ ಅವಳನ್ನು ಬೀಗಿತ್ತಿ ಎನ್ನುತ್ತಿದ್ದರು. ಇನ್ನು ವಾಸಿಯಾಗದು ಎಂದು ಡಾಕ್ಟರು ಹೇಳಿದ ಮೇಲೆ, ನೋವಿಲ್ಲದಂತೆ ಕೊನೆಯವರೆಗೂ ನೋಡಿಕೊಳ್ಳುವ ಆರೈಕೆ ಮನೆಗೂ ಈ ಆಸ್ಪತ್ರೆಗೂ ನಡುವೆ ಓಡಾಡುವವಳು ಅವಳು. ಎರಡೂ ಕಡೆಯ ಮಾತು ಕೇಳಬೇಕು, ಎರಡೂ ಕಡೆಯ ಮುನಿಸು ನುಂಗಬೇಕು. ಬೀಗಿತ್ತಿಯಲ್ಲದೆ ಇನ್ನೇನು?

ಸೋಮವಾರ ಮುದುಕನ ಮಗಳ ಜೊತೆ ಮಾತಾಗಿತ್ತು. ಅಪ್ಪ ಆರೈಕೆ ಮನೆಗೇ ಹೋಗಲಿ ಎಂದಿದ್ದಳು ಮಗಳು. ಮುದುಕ ಒಬ್ಬನೇ ಇದ್ದಾಗ ಕೇಳಿದರೆ ಅವನೂ, "ಅಲ್ಲಿಗೇ ಆಗ್ಲಿ ತಾಯಿ" ಎಂದಿದ್ದ. ಇವತ್ತು ಆಂಬುಲೆನ್ಸ್ ಬಂದು ಕೆಳಗೆ ನಿಂತಿತ್ತು. ಅಷ್ಟರಲ್ಲಿ ಮುದುಕನ ಹೆಂಡತಿ ದೊಡ್ಡ ಊಟದ ಕ್ಯಾರಿಯರ್ ಹಿಡಿದು ಬಂದಳು.

"ಮನೆಗೆ ತಾನೆ ಹೊರಡೋದು? ಮಂಚ ಮುಂದಿನ ಕೋಣೆಗೆ ಹಾಕ್ಸಿದೀನಿ. ಅಡುಗೆನೂ ಆಯ್ತು. ಹೊರಡೋದು ತಡ ಆದ್ರೆ ಅಂತ ಇಲ್ಲಿಗೂ ತಂದೆ."

ಬೀಗಿತ್ತಿ ಮುದುಕನ ಮುಖ ನೋಡಿದಳು. ಅವನು ಹೆಂಡತಿಯ ಕಡೆಗೆ ಆಗಲಿ ಎಂಬಂತೆ ತಲೆಯಾಡಿಸಿದ. ಆಮೇಲೆ ಮಂಚದ ಆಚೆ ನಿಂತಿದ್ದ ಮಗಳ ಕಡೆಗೂ ಹಾಗೇ ತಲೆಯಾಡಿಸಿದ.

"ನಿಮಗೇನಾದ್ರೂ ಹೇಳಿದಾರಾ?" ಬೀಗಿತ್ತಿ ಮುದುಕನ ತಮ್ಮನನ್ನು ಕೇಳಿದಳು.

"ನನ್ನ ಕೇಳ್ಬೇಡಿ. ನನ್ನ ಹತ್ರ, ನಮ್ಮ ಸೈಕಲ್ ಅಂಗಡಿಗೆ ಕರ್ಕೊಂಡು ಹೋಗು ಅಂದಿದಾನೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಇಲ್ಲಿ ಒಂದೇ ಎತ್ತು ಮೂರು ಕಡೆಗೂ ಎಳೆಯುತ್ತಿತ್ತು. ಫೋನು ಬಂತು. ಹಾಸಿಗೆಯನ್ನು ಸಂಜೆಯವರೆಗೆ ಇಡುತ್ತೇವೆ, ಆಮೇಲೆ ಕಾಯುತ್ತಿರುವ ಇನ್ನೊಬ್ಬರಿಗೆ ಕೊಡಲೇಬೇಕು ಎಂದರು ಆರೈಕೆ ಮನೆಯವರು. ಈಗ ತಪ್ಪಿದರೆ ಈ ಮುದುಕನಿಗೆ ಮತ್ತೊಂದು ಹಾಸಿಗೆ ಸಿಗುವಷ್ಟು ಕಾಲ ಉಳಿದಿರಲಿಲ್ಲ. ಒಲ್ಲದವನನ್ನು ಸಾಗಿಸಿದರೆ ಅವನು ಪರರ ಕೋಣೆಯಲ್ಲಿ ಕಣ್ಣು ಮುಚ್ಚಬೇಕು.

ಎಲ್ಲರನ್ನೂ ಹೊರಗೆ ಕಳಿಸಿ ಅವನ ಪಕ್ಕ ಕೂತಳು. ಅವಳು ಯಾವಾಗಲೂ ಹೀಗೇ ಮಾಡುತ್ತಿದ್ದಳು.

"ಯಜಮಾನ್ರೇ, ಅವರದ್ದೆಲ್ಲ ಬಿಡಿ. ನಿಮಗೆ ಎಲ್ಲಿಗೆ ಹೋಗ್ಬೇಕು?"

ಮುದುಕ ಬಹಳ ಹೊತ್ತು ಅವಳ ಕಾಲಿನ ಧೂಳು ಮೆತ್ತಿದ ಚಪ್ಪಲಿ ನೋಡಿದ. "ನಿಮಗೆ ಯಾವುದು ಸುಲಭ ಆಗುತ್ತೆ ತಾಯಿ?" ಎಂದ.

ಸೋಮವಾರ ಅವನು ಆರೈಕೆ ಮನೆ ಎಂದದ್ದೂ ಇದೇ ದಾಕ್ಷಿಣ್ಯಕ್ಕೋ? ಇಷ್ಟು ವರ್ಷ ಹೀಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ, ಎಷ್ಟು ಜನರ ದಾಕ್ಷಿಣ್ಯವನ್ನು ಅವರ ಇಷ್ಟವೆಂದು ಹೊತ್ತು ತಿರುಗಿದೆನೋ ಎಂದು ಕಸಿವಿಸಿಯಾಯಿತು. ಎದ್ದು ಹೋಗಿ ಎಲ್ಲರನ್ನೂ ಒಳಗೆ ಕರೆದಳು.

"ಈಗ ಎಲ್ಲರ ಎದುರಿಗೇ ಹೇಳಿ."

ಮುದುಕ ಕಣ್ಣು ಮುಚ್ಚಿದ. ರೆಪ್ಪೆ ಅದುರುತ್ತಿತ್ತು.

"ನಿದ್ದೆ ಅಂತೆ," ಎಂದಳು ಹೆಂಡತಿ. "ಮಗಳ ಮದುವೆ ಮಾತುಕತೆಗೆ ಬಂದೋರ ಮುಂದೆನೂ ಹೀಗೇ ನಿದ್ದೆ ಹೋಗಿದ್ರು. ಗೊರಕೆನೂ ಹೊಡೆದ್ರು."

ಮಗಳಿಗೆ ನಗು ಬಂತು, ನಗುತ್ತಲೇ ಕಣ್ಣೀರು ಬಂತು. "ಅಮ್ಮ, ಮನೆಗೇ ಆಗ್ಲಿ ಬಿಡು. ನಂಗೂ ಅದೇ ಆಸೆ. ನಿನ್ನ ಸೊಂಟನೋವು ನೋಡಿ ಆರೈಕೆ ಮನೆ ಅಂದೆ."

ಹೆಂಡತಿ ಕ್ಯಾರಿಯರನ್ನು ನೆಲದ ಮೇಲಿಟ್ಟಳು. "ನಿಂಗೆ ಆಸೆ ಅಂತ ಗೊತ್ತಿದ್ದೇ ನಾನು ಮನೆ ಅಂದಿದ್ದು ಕಣೆ. ನಂಗೆ ಭಯ. ಔಷಧಿ ತಪ್ಪಿದ್ರೆ? ನೋವು ಅಂತ ಕೂಗ್ದಾಗ ನಾನೊಬ್ಬಳೇ ಇದ್ರೆ?"

"ಮತ್ತೆ ಹೇಳ್ಬಾರ್ದಾ?"

"ನೀನು ಹೇಳಿದ್ಯಾ?"

ಮುದುಕನ ತಮ್ಮ ದಿಂಬಿಗೆ ಗಾಳಿ ಊದುವುದನ್ನು ನಿಲ್ಲಿಸಿದ. ಆಗ ಕಣ್ಣು ಮುಚ್ಚಿಕೊಂಡೇ ಮುದುಕ ಕೇಳಿದ.

"ಆ ಆರೈಕೆ ಮನೇಲಿ ನನ್ನ ಹೆಂಡ್ತಿಗೆ ಮಲಗೋಕೆ ಜಾಗ ಇದೆಯಾ?"

"ಇದೆ," ಎಂದಳು ಬೀಗಿತ್ತಿ. "ನಿಮ್ಮ ಮಂಚದ ಪಕ್ಕದಲ್ಲೇ ಇನ್ನೊಂದು ಮಂಚ. ಹಗಲು ರಾತ್ರಿ ಇರಬಹುದು. ಸೋಮವಾರವೇ ಹೇಳಿದ್ನಲ್ಲ." ಹೇಳಿದ್ದು ಮಗಳಿಗೆ ಎಂಬುದು ಆಮೇಲೆ ನೆನಪಾಯಿತು. ಒಬ್ಬರ ಕಿವಿಗೆ ಹಾಕಿದರೆ ಮನೆಗೆಲ್ಲ ಮುಟ್ಟಿತು ಎಂದುಕೊಂಡಿದ್ದಳು.

ಮಗಳು ತಲೆ ತಗ್ಗಿಸಿದಳು. "ಹೇಳಿದ್ರೆ ಅಮ್ಮ ಅಲ್ಲೇ ಕೂತು ಸೊರಗಿ ಹೋಗ್ತಾಳೆ ಅಂತ ಹೇಳ್ಲಿಲ್ಲ."

"ಪಕ್ಕದಲ್ಲೇನಾ?" ಹೆಂಡತಿ ಬೀಗಿತ್ತಿಯನ್ನು ಕೇಳಿದಳು. "ಕೈ ಚಾಚಿದ್ರೆ ಸಿಗೋ ಹಾಗಾ?"

"ಸಿಗೋ ಹಾಗೆ."

"ರೀ, ಅಲ್ಲಿಗೇ ಹೋಗೋಣ್ವಾ?"

ಮುದುಕ ಕಣ್ಣು ತೆರೆದು ಹೂಂ ಎಂದ. ಅದು ಅವನ ಇಷ್ಟವೋ, ಹೆಂಡತಿಗಾಗಿ ಇನ್ನೊಮ್ಮೆ ಆಡಿಸಿದ ತಲೆಯೋ, ಬೀಗಿತ್ತಿಗೆ ಕೊನೆಗೂ ತಿಳಿಯಲಿಲ್ಲ. ಆರೈಕೆ ಮನೆಗೆ ಫೋನು ಮಾಡಿ, ಬರ್ತಾ ಇದೀವಿ ಎಂದಳು.

ಕೆಳಗೆ ಆಂಬುಲೆನ್ಸಿನಲ್ಲಿ ಮುದುಕನ ತಮ್ಮ ಗಾಳಿ ದಿಂಬನ್ನು ಅಣ್ಣನ ಬೆನ್ನಿಗೆ ಕೊಟ್ಟು, ತೇಪೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದ. "ದಾರೀಲಿ ನಮ್ಮ ಅಂಗಡಿ ಸಿಗುತ್ತೆ. ಒಂದು ಗಳಿಗೆ ನಿಲ್ಸಕ್ಕೆ ಡ್ರೈವರಿಗೆ ಹೇಳಿದೀನಿ," ಎಂದ. ಮುದುಕನ ಮುಖದಲ್ಲಿ ಏನೋ ಸಡಿಲವಾಯಿತು. ಬಾಗಿಲ ಪಕ್ಕದ ಸೀಟಿನಲ್ಲಿ ಕೂತಿದ್ದ ಬೀಗಿತ್ತಿ ಅದನ್ನು ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ತೊಡೆಯ ಮೇಲೆ ಏನೋ ಭಾರವಾಗಿ ಬೆಚ್ಚಗೆ ಕೂತಿತು.

ಮನೆಗೆ ಮರಳಿದವನ ಮೊದಲ ಊಟಕ್ಕೆಂದು ಮಾಡಿದ ಅಡುಗೆಯ ಕ್ಯಾರಿಯರ್ ಅದು. ಅದನ್ನು ಇಟ್ಟ ಹೆಂಡತಿ ಏನೂ ಹೇಳದೆ, ಸೊಂಟ ಹಿಡಿದುಕೊಂಡು ಒಳಗೆ ಹತ್ತಿ, ಗಂಡನ ತಲೆಯ ಪಕ್ಕದಲ್ಲಿ ಕೂತಳು.